ಅತ್ತೆ ನಾಟಿಗೆ ಇಳಿಯದ ವರ್ಷ

ನನ್ನ ತವರು ಶಿರಾ. ಪೇಟೆಯ ಮನೆಯ ಹಿತ್ತಲಲ್ಲಿ ಸೇದುವ ಬಾವಿಯಿತ್ತು. ಹಗ್ಗ ಎಳೆದಷ್ಟೂ ನೀರು ಬರುತ್ತದೆ ಎಂದುಕೊಂಡು ಬೆಳೆದವಳು ನಾನು. ಐವತ್ತರ ದಶಕದಲ್ಲಿ ಮದುವೆಯಾಗಿ ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ ಕಡೆಯ ಒಂದು ಊರಿಗೆ ಬಂದೆ. ಅಲ್ಲಿ ಬೀದಿ ಮುಗಿಯುವಲ್ಲೇ ಕೆರೆಯ ಏರಿ. ಬಂದ ಮಾರನೆಯ ಬೆಳಿಗ್ಗೆ ಅತ್ತೆ ನನ್ನನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಒಂದು ಕಡೆ ಬಿಸಿಲು ಬಿದ್ದು ಮಿನುಗುವ ನೀರು, ಇನ್ನೊಂದು ಕಡೆ ತೆನೆ ಬಾಗಿದ ಗದ್ದೆ.

"ನೋಡಮ್ಮ, ನಮ್ಮೂರು ಅಂದ್ರೆ ಇದು. ಮನೆ ಮಠ ಎಲ್ಲ ಆಮ್ಯಾಕೆ," ಎಂದರು.

ಅತ್ತೆಯದು ಸಣ್ಣ ಮೈ, ದೊಡ್ಡ ದನಿ. ನಾಟಿಗೆ ಇಳಿದರೆ ಸಾಲಿನ ಹೆಂಗಸರೆಲ್ಲ ಅವರ ಕೈ ಓಡಿದಂತೆ ಓಡಬೇಕು. ಪದ ಹೇಳಿಕೊಡುವವರೂ ಅವರೇ. ಮಾವ ಕೆರೆಯ ಕೆಳಗಿನ ಅಚ್ಚುಕಟ್ಟಿನ ದೊಡ್ಡ ರೈತರಲ್ಲಿ ಒಬ್ಬರು, ಮಾತು ಕಡಿಮೆ. ನನ್ನ ಗಂಡ ಮಧುಗಿರಿಯಲ್ಲಿ ಮೇಷ್ಟರು. ಶನಿವಾರದ ಬಸ್ಸಿಗೆ ಬಂದು ಸೋಮವಾರ ನಸುಕಿಗೇ ಹೊರಡುತ್ತಿದ್ದರು. ಹಾಗಾಗಿ ಆ ಮನೆಯಲ್ಲಿ ನನ್ನ ಬದುಕು ನಡೆದದ್ದು ಹೆಚ್ಚಾಗಿ ಅತ್ತೆಯ ಜೊತೆ.

ನಮ್ಮ ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬಿಗೆ ಎರಡು ಕಣ್ಣು. ಮೇಲುಗಣ್ಣು ತೆಗೆದರೆ ಕೆರೆಯ ಮೇಲ್ಭಾಗದ ನೀರು ಮಾತ್ರ ಗದ್ದೆಗೆ ಹರಿಯುತ್ತದೆ. ಕೆಳಗಣ್ಣು ತೆಗೆದರೆ ತಳದ ನೀರೂ ಹೋಗುತ್ತದೆ, ಕೆರೆ ಬರಿದಾಗುತ್ತದೆ. ಊರಿನ ಬಾವಿಗಳೆಲ್ಲ ಕೆರೆಯ ಊಟೆಯಿಂದಲೇ, ನೆಲದೊಳಗೆ ಇಂಗಿ ಬರುವ ನೀರಿನಿಂದಲೇ ಬದುಕಿದ್ದವು. ಕೆರೆಯಲ್ಲಿ ನೀರು ನಿಂತಿದ್ದರೆ ಬಾವಿಯಲ್ಲೂ ನೀರು. ಹಿಂದೆ ಕೆಳಗಣ್ಣನ್ನು ಯಾರೂ ಮುಟ್ಟುತ್ತಿರಲಿಲ್ಲವಂತೆ. ಬೇಸಿಗೆಯಲ್ಲೂ ಭತ್ತ ಇಡುವ ಆಸೆ ಬಂದ ಮೇಲೆ ಅದನ್ನೂ ತೆಗೆಯುವುದು ರೂಢಿಯಾಗಿತ್ತು.

ನಾನು ಬಂದ ಮೊದಲ ಬೇಸಿಗೆಯಲ್ಲೇ ಅದರ ಫಲ ಕಂಡೆ. ಭತ್ತ ಮನೆಗೆ ಬಂತು, ಕೆರೆ ಬಿರುಕುಬಿಟ್ಟ ಬಯಲಾಯಿತು. ಬಾವಿಯಲ್ಲಿ ಕೊಡ ಬಿಟ್ಟರೆ ಕಲ್ಲಿಗೆ ತಾಗಿ ಠಣ್ಣೆನ್ನುತ್ತಿತ್ತು. ಅದೇ ಹೊತ್ತಿಗೆ ನನ್ನ ನಾದಿನಿ ಹೆರಿಗೆಗೆ ತವರಿಗೆ ಬಂದಿದ್ದಳು. ಮಗು ಹುಟ್ಟಿತು. ಬಾಣಂತಿಗೆ ಎರೆಯಲು ಹಂಡೆ ತುಂಬ ಬಿಸಿನೀರು ಬೇಕು. ಇದ್ದದ್ದು ಅಡುಗೆಗೆ ಸಾಲುವಷ್ಟು, ಅದೂ ಕೆಸರು ಬಣ್ಣದ್ದು.

ಅತ್ತೆ ನನ್ನನ್ನೂ ಕರೆದುಕೊಂಡು, ಕೊಡ ಹೊತ್ತು ಪಕ್ಕದ ಊರಿನ ಬಾವಿಗೆ ಹೋದರು. ಅಲ್ಲಿ ಹೆಂಗಸರ ಗುಂಪು. ಅತ್ತೆ ರಾಟೆಗೆ ಹಗ್ಗ ಹಾಕಿ ಕೊಡ ಇಳಿಸುವಷ್ಟರಲ್ಲಿ ಒಬ್ಬಳು ಬಂದು ಹಗ್ಗ ತೆಗೆದು ಅವರ ಕೈಗಿಟ್ಟಳು.

"ನಿಮ್ಮೂರಾಗೆ ಅಷ್ಟು ದೊಡ್ಡ ಕೆರೆ ಮಡಿಕ್ಕಂಡು ಇಲ್ಲಿಗ್ಯಾಕೆ ಬಂದ್ರಿ? ನಮ್ಮ ಮಕ್ಕಳಿಗೇ ಸಾಲಲ್ಲ."

ಅತ್ತೆ ಬಾವಿಯೊಳಕ್ಕೆ ಒಮ್ಮೆ ಬಗ್ಗಿ ನೋಡಿದರು. ಹಗ್ಗ ಸುತ್ತಿ ಖಾಲಿ ಕೊಡದೊಳಗೆ ಹಾಕಿಕೊಂಡು ಹೊರಟರು. ದಾರಿಯಲ್ಲಿ ಒಮ್ಮೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು. ಬೆವರೆಂದುಕೊಂಡೆ. "ಕೊಟ್ಟ ಮಗಳು ಮನೆಗ್ ಬಂದವಳೆ. ಒಂದು ಹಂಡೆ ನೀರಿಗೆ ಗತಿ ಇಲ್ದಂಗೆ ಮಾಡ್ಕಂಡ್ವಲ್ಲಮ್ಮ," ಎಂದಾಗ ಅದು ಬೆವರಲ್ಲವೆಂದು ತಿಳಿಯಿತು.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಕೆರೆ ತುಂಬಿ ಕೋಡಿ ಬಿದ್ದ ದಿನ ಊರೆಲ್ಲ ಅಲ್ಲೇ ಇತ್ತು. ಹುಡುಗರು ಕೋಡಿಯ ನೊರೆಯಲ್ಲಿ ಬಿದ್ದು ಹೊರಳಿದರು. ನಾವು ಹೆಂಗಸರು ಅರಿಶಿನ ಕುಂಕುಮ ಬಳೆ ಇಟ್ಟು ಗಂಗಮ್ಮನಿಗೆ ಬಾಗಿನ ಬಿಟ್ಟೆವು. ಎಲ್ಲರೂ ನಗುತ್ತಿದ್ದರು. ಅತ್ತೆ ಮಾತ್ರ ತೂಬಿನ ಕಡೆಯೇ ನೋಡುತ್ತಿದ್ದರು.

ಸಂಕ್ರಾಂತಿ ಕಳೆದು ಕೊಯ್ಲು ಮುಗಿದ ಮೇಲೆ ಗಂಡಸರು ಅರಳೀಕಟ್ಟೆಯಲ್ಲಿ ಸೇರಿದರು. ಕೆರೆ ತುಂಬಿದೆ, ಎಲ್ಲ ಗದ್ದೆಗೂ ಬೇಸಿಗೆ ಭತ್ತ ಇಡೋಣ ಎಂಬ ಮಾತು. ಹೆಂಗಸರು ಅಂಥ ಕಡೆ ಹೋಗುವ ಪದ್ಧತಿ ಇರಲಿಲ್ಲ. ಅತ್ತೆ ಹೋದರು. ಹಿಂದೆ ನಾನು, ನನ್ನ ಪಕ್ಕದಲ್ಲಿ ನಮ್ಮ ನೆರೆಮನೆಯ ಬೂಬಮ್ಮ.

ಬೂಬಮ್ಮನೂ ಶಿರಾದವರು. ಅವರ ಗಂಡ ಊರೂರಿಗೆ ಹೋಗಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಬೂಬಮ್ಮ ನನ್ನನ್ನು 'ಬೇಟಿ', ಮಗಳೇ, ಎಂದು ಕರೆಯುತ್ತಿದ್ದರು. ಅವರಿಗೆ ಒಂದು ತುಂಡು ಗದ್ದೆಯೂ ಇರಲಿಲ್ಲ, ಆದರೆ ಕುಡಿಯುವ ನೀರು ಅದೇ ಬಾವಿಯದು.

ಅತ್ತೆ ಕಟ್ಟೆಯ ಕೆಳಗೆ ನಿಂತು ಹೇಳಿದರು: "ಮೇಲುಗಣ್ಣು ತೆಗೀರಿ, ಬ್ಯಾಡ ಅನ್ನಲ್ಲ. ಅದು ಎಷ್ಟು ದೂರ ಹೋಯ್ತದೋ ಅಷ್ಟು ದೂರ ಭತ್ತ ಇಡ್ರಿ. ಉಳಿದ ಗದ್ದೆಗೆ ಕಮ್ಮಿ ನೀರಿನ ರಾಗಿ ಹಾಕ್ರಿ. ಕೆಳಗಣ್ಣು ಮಾತ್ರ ಮುಟ್ಬ್ಯಾಡ್ರಿ. ತಳದ ನೀರು ಮುಂದಿನ ಮಳೆ ಗಂಟ ಹಂಗೇ ಇರ್ಲಿ."

ಒಬ್ಬರು ನಕ್ಕರು. "ಕೆರೆ ತುಂಬಿರೋದು ನೋಡಕ್ಕೇನವ್ವ?" ಎಂದರು ಇನ್ನೊಬ್ಬರು. ಅತ್ತೆ ಮಾವನ ಕಡೆ ನೋಡಿದರು. ಮಾವ ಹೆಗಲ ಮೇಲಿನ ಟವೆಲು ಕೊಡವಿ, "ಲೇ, ಮನೆಗೋಗು. ಇದು ನಮ್ಮ ಮಾತು," ಎಂದರು. ಊರ ಮುಂದೆ ಅವರು ಅತ್ತೆಯನ್ನು ಹಾಗೆ ಗದರಿದ್ದನ್ನು ನಾನು ಕಂಡಿರಲಿಲ್ಲ.

ಅತ್ತೆ ಸುಮ್ಮನಾಗಲಿಲ್ಲ. ಮಾರನೆಯ ದಿನದಿಂದ ಮನೆಮನೆಗೆ ಹೋದರು. ಅಗಸರ ಮನೆಗೆ, ಕುರಿ ಸಾಕುವವರ ಹಟ್ಟಿಗೆ, ಮೀನು ಹಿಡಿಯುವವರ ಗುಡಿಸಲಿಗೆ. ಎಲ್ಲೂ ಭಾಷಣವಿಲ್ಲ. ಜಗಲಿಯಲ್ಲಿ ಕೂತು, ಎಲೆ ಅಡಿಕೆ ಹಾಕಿಕೊಂಡು, "ಹೋದೊರ್ಸ ಬ್ಯಾಸ್ಗೇಲಿ ಹೆಂಗೆ ಕಳದ್ರಿ?" ಎಂದು ಕೇಳುವರು. ಅಷ್ಟು ಸಾಕಾಗುತ್ತಿತ್ತು. ಒಬ್ಬೊಬ್ಬರೂ ತಮ್ಮ ಕಥೆ ಹೇಳಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ತಾಲ್ಲೂಕಿನ ಅಧಿಕಾರಿ ಅಮಲ್ದಾರರು ಹೊಳವನಹಳ್ಳಿಗೆ ಕ್ಯಾಂಪು ಬಂದಿದ್ದಾರೆಂದು ಸುದ್ದಿ ಬಂತು. ನಾವು ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ನಡೆದೇ ಹೋದೆವು. ಅಮಲ್ದಾರರು ಒಳ್ಳೆಯವರು. ನಮ್ಮನ್ನು ನೆರಳಲ್ಲಿ ಕೂರಿಸಿ ಎಲ್ಲ ಕೇಳಿದರು. ಕೊನೆಗೆ, "ನೀವು ಹೇಳೋದು ಸರಿ ತಾಯಿ. ಆದ್ರೆ ಅಚ್ಚುಕಟ್ಟಿನ ರೈತರು ಒಪ್ಪದೆ ಹೋದ್ರೆ ನಾನು ಏನೂ ಮಾಡೋಕಾಗಲ್ಲ. ಅವರನ್ನ ಒಪ್ಪಿಸಿ ಬನ್ನಿ, ಹುಕುಂ ಕೊಡ್ತೀನಿ," ಎಂದರು.

ಹಿಂದಿರುಗುವಾಗ ಬೂಬಮ್ಮ ನಕ್ಕರು. "ಸಾಹೇಬ್ರು ಎಷ್ಟು ಚೆಂದ ಮಾತಾಡಿದ್ರು ನೋಡಕ್ಕ! ನಮ್ ಕೆಲ್ಸ ನಮ್ಗೇ ವಾಪಸ್ ಕೊಟ್ರು."

ಊರು ಹತ್ತಿರ ಬಂದಾಗ ದಾರಿಯ ಪಕ್ಕ ಭತ್ತದ ಸಸಿ ಬೆಳೆಸುವ ನಮ್ಮದೇ ಒಟ್ಲು ಸಿಕ್ಕಿತು. ಬೇಸಿಗೆ ನಾಟಿಗೆಂದು ಮಾವ ಬಿತ್ತಿದ್ದ ಪೈರು ಗಿಳಿಹಸಿರಾಗಿ ಎದ್ದಿತ್ತು. ಅತ್ತೆ ಅಲ್ಲೇ ನಿಂತುಬಿಟ್ಟರು.

"ಬೂಬಮ್ಮ, ಈ ಪೈರು ಕಿತ್ತು ನಾಟಿ ಹಾಕೋರು ಯಾರು?"

"ಯಾರು ಅಂದ್ರೆ? ನೀವೇ ಅಲ್ವಾ ಅಕ್ಕ, ಹೆಂಗಸ್ರು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಹಿಂದಿನ ಹೆಂಗಸರೂ ಬಂದು ಸುತ್ತ ನಿಂತರು. ಆ ವರ್ಷ ಕೆಳಗಣ್ಣು ಮುಚ್ಚಿಡುವ ಮಾತು ಬರುವತನಕ ಯಾರೂ ಬೇಸಿಗೆ ಭತ್ತದ ನಾಟಿಗೆ ಇಳಿಯುವುದಿಲ್ಲ ಎಂದು ಆ ಒಟ್ಲಿನ ಬದುವಿನ ಮೇಲೆಯೇ ತೀರ್ಮಾನವಾಯಿತು.

ಆಮೇಲೆ ಮನೆಯೊಳಗೆ ಕಳೆದ ದಿನಗಳನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಹೆದರಿಕೆಯಾಗುತ್ತಿತ್ತು. ಅತ್ತೆ ಮಾವ ಮಾತು ಬಿಟ್ಟರು. ಒಂದೇ ಪಡಸಾಲೆಯಲ್ಲಿ ಕೂತು ನನ್ನ ಮೂಲಕ ಮಾತಾಡುವರು. "ಮುದ್ದೆ ಆರೋಯ್ತದೆ ಅಂತ ಹೇಳಮ್ಮ ಅವ್ರಿಗೆ," ಎಂದು ಅತ್ತೆ. "ಹಸಿವಿಲ್ಲ ಅಂತ ಹೇಳವ್ವ," ಎಂದು ಮಾವ. ಆದರೂ ಅತ್ತೆ ಬೇರೆ ಯಾವ ಕೆಲಸವನ್ನೂ ಬಿಡಲಿಲ್ಲ. ಕೊಟ್ಟಿಗೆ ಬಾಚಿದರು, ಮಾವನ ಪಂಚೆ ಒಗೆದರು, ಅವರಿಗೆ ಇಷ್ಟವೆಂದು ಹುರುಳಿ ಕಟ್ಟಿನ ಸಾರು ಮಾಡಿದರು. ಗದ್ದೆಗೆ ಮಾತ್ರ ಕಾಲಿಡಲಿಲ್ಲ. ಪೈರು ದಿನದಿಂದ ದಿನಕ್ಕೆ ಬಲಿಯುತ್ತಿತ್ತು. ಇನ್ನೂ ತಡವಾದರೆ ಕಿತ್ತು ನೆಟ್ಟರೂ ಪ್ರಯೋಜನವಿಲ್ಲ.

ಮಾವ ಪಕ್ಕದ ಊರಿಗೆ ಹೋಗಿ ನಾಟಿಯ ಆಳುಗಳನ್ನು ಗೊತ್ತುಮಾಡಿ ಬಂದರು. ಮಾರನೆಯ ಬೆಳಿಗ್ಗೆ ಆ ಊರಿನ ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ಏರಿಯ ಮೇಲೆ ಸಾಲಾಗಿ ಬಂದರು. ಸುದ್ದಿ ತಿಳಿದು ನಾವೂ ಬುತ್ತಿ ಕಟ್ಟಿಕೊಂಡು ಅಲ್ಲಿ ಹೋಗಿ ಕೂತಿದ್ದೆವು. ಜಗಳವಾಗುತ್ತದೆಂದು ನನಗೆ ಭಯ. ಮಾವ ಕೆಳಗೆ ಗದ್ದೆಯಲ್ಲಿ, ಮಾತು ಕೇಳಿಸುವಷ್ಟು ಹತ್ತಿರದಲ್ಲೇ ನಿಂತು ನೋಡುತ್ತಿದ್ದರು.

ಬಂದವರಲ್ಲಿ ಮುಂದಿದ್ದವಳನ್ನು ಕಂಡ ಕೂಡಲೇ ಗುರುತು ಹಿಡಿದೆ. ಬಾವಿಯಲ್ಲಿ ನಮ್ಮ ಹಗ್ಗ ತೆಗೆದವಳು ಅವಳೇ. ಅವಳಿಗೂ ಗುರುತು ಸಿಕ್ಕಿತು. ಅತ್ತೆಯ ಎದುರು ನಿಂತಳು.

"ಯಾಕಕ್ಕ ಇಲ್ಲಿ ಕುಂತಿದ್ದೀರ?"

ಅತ್ತೆ ದನಿ ಏರಿಸದೆ ಎಲ್ಲ ಹೇಳಿದರು. ಕೆಳಗಣ್ಣಿನ ವಿಷಯ, ಬಾಣಂತಿ ಮಗಳ ವಿಷಯ. ಬಾವಿಯ ಮಾತನ್ನು ಮಾತ್ರ ಎತ್ತಲಿಲ್ಲ. ಎತ್ತಿದವಳು ಅವಳೇ.

"ಅವತ್ತು ಮಗಳು ಹೆತ್ತವಳೆ ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲಕ್ಕ."

"ಹೆಂಗನ್ನಲಿ? ನಿಮ್ಮ ಬಾವೀಲೂ ತಳ ಕಾಣ್ತಿತ್ತು. ನೀನಿರೋ ಜಾಗದಾಗೆ ನಾನಿದ್ರೂ ಅಂಗೇ ಮಾಡ್ತಿದ್ದೆ."

ಅವಳು ಕೆರೆಯ ನೀರನ್ನು ನೋಡಿದಳು. ಆಮೇಲೆ ಎತ್ತಿ ಕಟ್ಟಿದ್ದ ಸೀರೆ ಇಳಿಬಿಟ್ಟು ತನ್ನವರ ಕಡೆ ತಿರುಗಿ, "ಬರ್ರೇ, ಹೋಗಾನ. ಈ ನಾಟಿ ನಮಗೆ ಬ್ಯಾಡ. ಇವರ ಕೆರೆ ಬತ್ತಿದ್ರೆ ನಾಳೆ ಎಲ್ರೂ ನಮ್ಮ ಬಾವಿಗೇ ಬರಬೇಕು," ಎಂದಳು. ಇಬ್ಬರು ಗೊಣಗಿದರು. ಒಂದು ದಿನದ ಕೂಲಿ ಕಳೆದುಕೊಳ್ಳುವುದು ಅವರಿಗೂ ಸುಲಭವಿರಲಿಲ್ಲ. ಆದರೂ ಎಲ್ಲರೂ ಬಂದ ದಾರಿಯಲ್ಲೇ ತಿರುಗಿದರು. ಅತ್ತೆ ನಮ್ಮ ಬುತ್ತಿಯ ರೊಟ್ಟಿಗಳನ್ನೆಲ್ಲ ಅವಳ ಮಡಿಲಿಗೆ ಹಾಕಿ ಕಳಿಸಿದರು.

ಮಾವ ಬಹಳ ಹೊತ್ತು ಗದ್ದೆಯಲ್ಲೇ ನಿಂತಿದ್ದರು. ಸಂಜೆ ಮನೆಗೆ ಬಂದವರು ಕೊಟ್ಟಿಗೆಯ ಹಸು ಎತ್ತುಗಳನ್ನು ಬಿಚ್ಚಿ ಹೊಡೆದುಕೊಂಡು ಹೋದರು. ಎಲ್ಲಿಗೆಂದು ನೋಡಿದರೆ ಒಟ್ಲಿಗೆ. ಬಲಿತ ಪೈರನ್ನು ದನಗಳು ಸರಸರ ಮೇಯುತ್ತಿದ್ದವು, ಮಾವ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದರು. ಅತ್ತೆ ಹೋಗಿ ಪಕ್ಕದಲ್ಲಿ ಕೂತರು. ನಾನು ದೂರದಲ್ಲೇ ನಿಂತೆ.

"ಮಗಳಿಗೆ ನೀರಿಲ್ಲ ಅಂತ ನನಗ್ಯಾಕೆ ಹೇಳ್ಲಿಲ್ಲ ನೀನು?" ಎಂದರು ಮಾವ.

"ಹೇಳ್ದೆ. ನೀವು ಭತ್ತ ಬಡಿಯೋ ಗಲಾಟೇಲಿದ್ರಿ."

ಮಾವ ಎದ್ದು ನೇರ ತೂಬಿನ ನೀರು ನೋಡಿಕೊಳ್ಳುವ ನೀರುಗಂಟಿಯ ಮನೆಗೆ ಹೋಗಿ, ಕೆಳಗಣ್ಣು ಗಟ್ಟಿಯಾಗಿ ಮುಚ್ಚು ಎಂದು ಹೇಳಿ ಬಂದರು. ಅವರು ಒಪ್ಪಿದ ಮೇಲೆ ಉಳಿದ ರೈತರೂ ಒಬ್ಬೊಬ್ಬರಾಗಿ ಒಪ್ಪಿದರು. ಅಮಲ್ದಾರರು ಮಾತಿನಂತೆ ಹುಕುಂ ಕೊಟ್ಟರು. ಎಲ್ಲರೂ ಸಂತೋಷವಾಗಿ ಒಪ್ಪಿದರೆಂದು ಹೇಳಿದರೆ ಸುಳ್ಳಾಗುತ್ತದೆ. ಮಾವನ ದಾಯಾದಿಯೊಬ್ಬರು ನಮ್ಮ ಮನೆಯ ಹೊಸಿಲು ತುಳಿಯುವುದನ್ನೇ ಬಿಟ್ಟರು. ಆ ಬೇಸರ ಮಾವನಿಗೆ ಕೊನೆಯವರೆಗೂ ಇತ್ತು.

ಆ ಬೇಸಿಗೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಏರಿಯ ಈಚೆ ಎಳೆ ರಾಗಿಯ ಹೊಲ, ಆಚೆ ಬಿಸಿಲಿಗೆ ಬೆಳ್ಳಗೆ ಹೊಳೆಯುವ ನೀರು. ಮಧ್ಯಾಹ್ನ ಎಮ್ಮೆಗಳು ಮೂಗು ಮಾತ್ರ ಮೇಲಿಟ್ಟು ಮಲಗಿರುತ್ತಿದ್ದವು. ನಾವು ಹೆಂಗಸರು ಬಟ್ಟೆ ಒಗೆಯುವ ನೆಪದಲ್ಲಿ ಕತ್ತಲಾಗುವತನಕ ಅಲ್ಲೇ. ಬೂಬಮ್ಮ ಶಿರಾದ ಮದುವೆಮನೆಗಳ ಹಾಡು ಹೇಳುವರು, ಅತ್ತೆ ನಾಟಿಯ ಪದ ಹೇಳುವರು. ಒಂದಕ್ಕೊಂದು ಹೊಂದುತ್ತಲೇ ಇರಲಿಲ್ಲ, ಆದರೂ ಇಬ್ಬರೂ ನಿಲ್ಲಿಸುತ್ತಿರಲಿಲ್ಲ. ಮುಂಗಾರು ಬರುವವರೆಗೂ ಬಾವಿಯಲ್ಲಿ ನೀರಿತ್ತು.

ಅರವತ್ತರ ದಶಕಕ್ಕೆ ಕಾಲಿಟ್ಟ ಮೇಲೆ, ಒಂದು ಸಂಕ್ರಾಂತಿಯ ಮಾರನೆಯ ದಿನ, ಕಟ್ಟೆಯಿಂದಲೇ ಕರೆ ಬಂತು. ಹೆಂಗಸರೂ ಬರಬೇಕಂತೆ, ಬೇಸಿಗೆ ನೀರಿನ ಮಾತಿದೆಯಂತೆ. ಅತ್ತೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. "ನನ್ನ ಕೈ ಬುಡುವಿಲ್ಲ, ನೀನೇ ಹೋಗು," ಎಂದರು. ನಾನು ಬೂಬಮ್ಮನ ಜೊತೆ ಹೋದೆ. ಮಾವ ಕಟ್ಟೆಯ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಆ ವರ್ಷ ಮಳೆ ಅರೆಬರೆ. ಭತ್ತವೇ ಬೇಡ, ಮೇಲುಗಣ್ಣನ್ನೂ ರಾಗಿಗೆ ಮಾತ್ರ ತೆಗೆಯೋಣ ಎಂದು ಹೇಳಿದೆ. ಸ್ವಲ್ಪ ವಾದವಾಯಿತು, ಕೊನೆಗೆ ಹಾಗೇ ಆಯಿತು.

ಮನೆಗೆ ಓಡಿಬಂದು ಹೇಳಿದರೆ ಅತ್ತೆ ತಲೆ ಎತ್ತದೆ ಕೇಳಿದರು: "ಕುಂತ್ಕಂಡು ಹೇಳ್ದೋ, ಎದ್ದು ನಿಂತ್ಕಂಡು ಹೇಳ್ದೋ?"

"ಎದ್ದು ನಿಂತು."

"ಅಂಗಾದ್ರೆ ಸರಿ ಬುಡು," ಎಂದು ಅವರೆಕಾಯಿಯ ಮೊರವನ್ನು ನನ್ನ ಕಡೆ ತಳ್ಳಿದರು.