ಮೀಸೆಯ ಮುಂದೆ ನಿಂತ ಗುದ್ದು

ಕರಾಟೆಯಲ್ಲಿ ಡಿಚ್ಚಿಗೆ ಜಾಗವಿಲ್ಲ ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಹಣೆಯಿಂದ ಮೂಗಿಗೆ ಕುಟ್ಟುವುದು, ಮೈಗಂಟಿ ನಿಂತವನ ದವಡೆಗೆ ಮೊಣಕೈ ತಿರುವುವುದು, ಇವೆಲ್ಲ ಬೀದಿ ಪುಂಡರ ಕೆಲಸವಂತೆ. ಹಾಗೆನ್ನುವ ಮಹಾನುಭಾವರು ಸಂತೆ ದಿನ ಒಮ್ಮೆ ಮಾನ್ವಿಯ ಬಸ್ಸು ಹತ್ತಿ ನೋಡಲಿ.

ಎಂಬತ್ತರ ದಶಕದ ಆರಂಭದ ಮಾತು. ನಮ್ಮಪ್ಪ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ, ನಾನೂ ಅಲ್ಲೇ ಚೀಲ ಹೊರುತ್ತಿದ್ದೆ. ಭಾನುವಾರ ಬಂದರೆ ರಾಯಚೂರಿಗೆ ಓಡುತ್ತಿದ್ದೆ. ಕೋಟೆ ಗೋಡೆಯ ಕೆಳಗಿನ ಬಯಲಲ್ಲಿ ಕರಾಟೆ ಕ್ಲಾಸು. ಮಾಸ್ಟರ್ ಹೈದರಾಬಾದಿನಲ್ಲಿ ಕಲಿತು ಬಂದವರು, ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ಗಾದಿ ಅಂಗಡಿ ಇಟ್ಟಿದ್ದರು. ನನಗೆ ಬ್ರೌನ್ ಬೆಲ್ಟ್ ಆಗಿತ್ತು. ಬ್ಲ್ಯಾಕ್ ಬೆಲ್ಟ್ ಆದರೆ ಮಾನ್ವಿಯಲ್ಲಿ ನನ್ನದೇ ಕ್ಲಾಸು ನಡೆಸಲು ಬಿಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಚೀಲದ ಕೆಳಗಿನಿಂದ ಹೊರಬರಲು ನನಗಿದ್ದ ದಾರಿ ಅದೊಂದೇ.

ಗುದ್ದನ್ನು ನಿಲ್ಲಿಸುವುದೇ ಅವರ ಕರಾಟೆ. ಮಾಸ್ಟರಿಗೆ ದಪ್ಪ ಮೀಸೆ. ತಮ್ಮ ಮುಖಕ್ಕೇ ನಮ್ಮಿಂದ ಗುದ್ದು ಬಿಡಿಸುತ್ತಿದ್ದರು. "ಮೀಸಿ ಕೂದಲ ಅಲುಗಬೇಕು, ತೊಗಲಿಗೆ ತಾಗಬಾರದು. ತಾಗಿತಂದ್ರ ಕಾಲು ಮುರೀತೀನಿ ಬೇಟಾ," ಎನ್ನುತ್ತಿದ್ದರು. ತಾಗಿದರೆ ಮೊಣಕಾಲಿನ ಕೆಳಗಿನ ಎಲುಬಿಗೆ ಬೆತ್ತದ ಏಟು. ಎಷ್ಟೋ ಭಾನುವಾರ ಬಾತ ಕಾಲು ಎಳೆದುಕೊಂಡು ಬಸ್ಸು ಹತ್ತಿದ್ದೇನೆ. ಕೊನೆಗೆ ನನ್ನ ಕೈ ಎಷ್ಟು ಪಳಗಿತೆಂದರೆ, ನಿದ್ದೆಯಲ್ಲಿದ್ದ ನನ್ನನ್ನು ಎಬ್ಬಿಸಿ ಹೊಡಿ ಎಂದರೂ ಹೆಬ್ಬೆರಳಿನಷ್ಟು ದೂರದಲ್ಲಿ ತಾನೇ ನಿಲ್ಲುತ್ತಿತ್ತು.

ಅವ್ವನಿಗೆ ಜ್ವರ ಬಿಡದೆ, ರಾಯಚೂರಿನ ಡಾಕ್ಟರಿಗೆ ತೋರಿಸಲು ಹೊರಟ ದಿನ. ಬಸ್ಸು ಬಂದದ್ದೇ ತಡ, ಕಿಟಕಿಯಿಂದ ಸೀಟಿನ ಮೇಲೆ ಟಾವೆಲ್ ಹಾಕಿದೆ. ನೂಕಾಡಿ ಒಳಗೆ ಹೋಗುವಷ್ಟರಲ್ಲಿ ಒಬ್ಬ ದಾಂಡಿಗ ಟಾವೆಲನ್ನು ನೆಲಕ್ಕೆಸೆದು ಕೂತಿದ್ದ.

"ನಮ್ಮವ್ವಗ ಆರಾಮಿಲ್ರೀ. ಆ ಸೀಟು ನಾ ಹಿಡದೀನಿ," ಎಂದೆ.

"ಟಾವೆಲ್ ಮ್ಯಾಲ ನಿಮ್ಮಪ್ಪನ ಹೆಸರು ಬರದದೇನಲೇ?"

ಅವ್ವ "ಯಪ್ಪಾ, ಜರಾ ಸರಿಯಪ್ಪಾ," ಎಂದು ಅವನ ಭುಜ ಮುಟ್ಟಿದಳು. ಅವನು ತಳ್ಳಿದ. ಅವಳ ಹಣೆ ಸೀಟಿನ ಕಬ್ಬಿಣಕ್ಕೆ ಬಡಿದು ರಕ್ತ ಬಂತು. ನನ್ನ ಕಣ್ಣು ಕತ್ತಲಾಯಿತು. ಮೈಯಲ್ಲಿದ್ದ ಕಸುವೆಲ್ಲ ಸೇರಿಸಿ ಅವನ ಮುಖಕ್ಕೆ ಗುದ್ದಿದೆ. ಗುದ್ದು ಅವನ ಮೂಗಿನ ಮುಂದೆ, ಹೆಬ್ಬೆರಳಿನಷ್ಟು ದೂರದಲ್ಲಿ, ಗಕ್ಕನೆ ನಿಂತಿತು.

ಅವನು ನನ್ನ ಮುಷ್ಟಿಯನ್ನು ನೋಡಿದ, ನನ್ನನ್ನು ನೋಡಿದ, ನಕ್ಕ. "ಯಾಕಲೇ, ನೊಣ ಹೊಡಿಯಾಕತ್ತೀಯೇನು?"

ಬಸ್ಸೆಲ್ಲ ನಕ್ಕಿತು. ಅವನು ಕೂತಲ್ಲಿಂದಲೇ ನನ್ನ ಕೊರಳಪಟ್ಟಿ ಹಿಡಿದು ಬಗ್ಗಿಸಿ ಹೊಟ್ಟೆಗೆ ಗುದ್ದಿದ, ಕಿವಿಯ ಮೇಲೆ ಬಾರಿಸಿದ. ಹಿಂದೆ ಮುಂದೆ ಜನ, ಕೈ ಬೀಸಲು ಗೇಣು ಜಾಗವಿಲ್ಲ. ಅವನ ಬಾಯಿಯ ಬೀಡಿ ವಾಸನೆ ನನ್ನ ಮುಖಕ್ಕೆ ಹೊಡೆಯುತ್ತಿತ್ತು. ತಲೆ ತಾನಾಗಿ ಮುಂದಕ್ಕೆ ಹೋಯಿತು. ಹಣೆ ಅವನ ಮೂಗಿಗೆ ಬಿದ್ದಾಗ ಎಲುಬು ಮುರಿದ ಸದ್ದು ನನ್ನ ತಲೆಯೊಳಗೇ ಕೇಳಿಸಿತು. ಇನ್ನೊಂದು ಹಾಕಿದೆ. ಆಮೇಲೆ ಮೊಣಕೈಯಿಂದ ಬಾಯಿಗೆ. ಅವನ ಹಲ್ಲು ನಾಟಿ ನನ್ನ ಮೊಣಕೈ ಸೀಳಿತು. ಅವನು ಸೀಟಿನಿಂದ ಕೆಳಗುರುಳಿದ. ಅವ್ವನನ್ನು ಆ ಸೀಟಿನಲ್ಲೇ ಕೂರಿಸಿಕೊಂಡು ರಾಯಚೂರಿಗೆ ಹೋದೆ. ಎಂಥ ಖುಷಿಯಾಗಿತ್ತೆಂದು ಹೇಳಲಾರೆ.

ಸುದ್ದಿ ನನಗಿಂತ ಮೊದಲೇ ಮಾಸ್ಟರಿಗೆ ಮುಟ್ಟಿತ್ತು. ಭಾನುವಾರ ಎಲ್ಲರೆದುರು ಕೇಳಿದರು: "ಬಸ್ಸಿನಾಗ ಡಿಚ್ಚಿ ಹೊಡದಿಯಂತ?"

"ಹೌದ್ರೀ ಸರ್. ಗುದ್ದಿದ್ದು ನಿಂತುಬಿಡ್ತು."

"ನಿಂದ್ರೂದ ಕರಾಟೆ. ತಲಿ ನಿಂದ್ರಸಾಕ ಬರತದೇನು? ನಿಂದ್ರಸಾಕ ಬರಲಾರದ್ದು ಟಗರಿನ ಕಾಳಗ."

"ನೀವು ಕಲಿಸಿದ ಕಟಾ ವರಸಿಯಾಗ ಮೊಳಕೈ ಅದಲ್ರೀ ಸರ್? ಹಂಗಂದ್ರ ಹಣಿ ಯಾಕ ಬ್ಯಾಡ?"

ಎದುರುತ್ತರ ಕೇಳಿ ಅವರ ಮುಖ ಕೆಂಪಾಯಿತು. ಇಬ್ಬರು ಬ್ರೌನ್ ಬೆಲ್ಟಿನವರನ್ನು ನನ್ನ ಮೇಲೆ ಬಿಟ್ಟು, "ಬುದ್ಧಿ ಬರೂತನ ಹೊಡೀರಿ, ನಿಂದ್ರಸಬ್ಯಾಡ್ರಿ," ಎಂದರು. ಅವರು ಹೊಡೆದರು. ತುಟಿ ಒಡೆಯಿತು, ಪಕ್ಕೆಲುಬು ಚುಳುಕ್ಕೆಂದಿತು. ಒಬ್ಬ ಹಿಂದಿನಿಂದ ಹಿಡಿದುಕೊಂಡ, ಇನ್ನೊಬ್ಬ ಮುಂದೆ ಬಂದ. ಮುಂದೆ ಬಂದವನ ಮುಖಕ್ಕೆ ಹಣೆ ಕೊಟ್ಟೆ. ಅವನು ಮುಖ ಹಿಡಿದುಕೊಂಡು ಮಣ್ಣಿನಲ್ಲಿ ಕೂತ.

ಮಾಸ್ಟರ್ ನನ್ನ ಸೊಂಟದ ಬೆಲ್ಟನ್ನು ಕಿತ್ತುಕೊಂಡರು. "ನಡಿ. ನಿನಗ ಬ್ಲ್ಯಾಕ್ ಬೆಲ್ಟ್ ಇಲ್ಲ, ಮಾನ್ವಿಯಾಗ ಕ್ಲಾಸೂ ಇಲ್ಲ."

"ನಿಮ್ಮ ಕರಾಟೆ ನಿಮ್ಮ ಮೀಸಿಗೇ ಇರಲ್ರೀ!" ಎಂದು ಕೂಗಿ ಬಂದುಬಿಟ್ಟೆ. ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ಮರುದಿನ ಮತ್ತೆ ಬೆನ್ನ ಮೇಲೆ ಚೀಲ.

ಮುಂದಿನ ಬೇಸಿಗೆಯಲ್ಲಿ ಮಾಸ್ಟರ್ ನಮ್ಮ ಮನೆ ಹುಡುಕಿಕೊಂಡು ಬಂದರು. ಅವ್ವ "ಬರ್ರಿ ಸಾಹೇಬ್ರ," ಎಂದು ಹೊರಸು ಹಾಕಿ, ಚಹಾ ಕೊಟ್ಟಳು. ಅವರು ಮುಟ್ಟಲಿಲ್ಲ. ಅವರ ಮಗಳಿಗೆ ದೇವದುರ್ಗದ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತ್ತು, ದಿನಾ ರಾಯಚೂರಿನಿಂದ ಬಸ್ಸಿಗೆ ಓಡಾಡುತ್ತಿದ್ದಳು. ಚಿಕ್ಕಂದಿನಿಂದ ಅಪ್ಪನ ಬಳಿಯೇ ಕಲಿತವಳು, ನಮ್ಮೆಲ್ಲರಿಗಿಂತ ಚೆನ್ನಾಗಿ ಗುದ್ದುತ್ತಿದ್ದಳು.

"ಆಕಿಗೆ ಅದನ್ನ ಕಲಿಸು," ಎಂದರು.

"ಯಾವುದ್ರೀ?"

"ಡಿಚ್ಚಿ."

ಸಿಟ್ಟು ಇನ್ನೂ ಹಸಿಯಾಗಿತ್ತು. "ಅದು ಕರಾಟೆ ಅಲ್ಲಲ್ರೀ ಸರ್," ಎಂದೆ.

ಅವರು ತಲೆ ಎತ್ತಲಿಲ್ಲ. "ಬಸ್ಸಿನ ಗದ್ದಲದಾಗ ಒಬ್ಬ ಹರಾಮಿ ಆಕಿನ್ನ ಹಿಡಕೊಂಡ. ಗುದ್ದಿದ್ಲಂತ. ನಿಂತುಬಿಡ್ತಂತ. ಅವ ಆಕಿ ಮುಖ ಸೀಟಿನ ಸರಳಿಗೆ ಬಡದಾನ." ತಮ್ಮ ಅಂಗೈ ನೋಡಿಕೊಂಡರು. "ನಾನ ಕಲಿಸಿದ್ದು ಬೇಟಾ. ಈ ಕೈಲೇ ಬೆತ್ತ ಹಿಡದು ಕಲಿಸಿದ್ದು."

ಬೆಲ್ಟಿನ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಂಗಿ ಹಾಕಿಕೊಂಡು ಅವರ ಜೊತೆಗೇ ಹೊರಟೆ.

ಅವರ ಮನೆಯ ಅಂಗಳದಲ್ಲಿ ಆಕೆ ನಿಂತಿದ್ದಳು. ಮುಂದಿನ ಎರಡು ಹಲ್ಲು ಇರಲಿಲ್ಲ, ಕೆನ್ನೆ ಇನ್ನೂ ಹಸಿರುಗಟ್ಟಿತ್ತು. ಗದ್ದ ಒಳಗೆಳೆದು ಹಣೆಯ ಮೇಲ್ಭಾಗದಿಂದ ಹೇಗೆ ಹೊಡೆಯಬೇಕೆಂದು ತೋರಿಸಿಕೊಟ್ಟೆ. "ಹಿಡಕೋ ಆಕಿನ್ನ," ಎಂದರು ಮಾಸ್ಟರ್. ನಾನು ಆಕೆಯ ಎರಡೂ ಮಣಿಕಟ್ಟು ಹಿಡಿದೆ. ಹಿಡಿದದ್ದೇ ತಡ, ಆಕೆಯ ಕಣ್ಣುಗಳೇ ಬೇರೆಯಾದವು. ಅವು ನನ್ನನ್ನು ನೋಡುತ್ತಿರಲಿಲ್ಲ.

ಹಣೆ ಬಂತು. ಹೆಬ್ಬೆರಳಿನಷ್ಟು ದೂರದಲ್ಲಿ ನಿಲ್ಲಲಿಲ್ಲ. ನನ್ನ ಮೂಗು ಒಡೆದು ಅಂಗಿಯೆಲ್ಲ ರಕ್ತವಾಯಿತು, ನಾನು ಮಂಡಿಯೂರಿದೆ. ಆಕೆ ಹೆದರಿ, "ಅಣ್ಣಾ, ತಪ್ಪಾತು!" ಎಂದು ಬಗ್ಗಿದಳು.

ಮಾಸ್ಟರ್ ನನ್ನ ರಟ್ಟೆ ಹಿಡಿದು ಎಬ್ಬಿಸಿ, ಮತ್ತೆ ಆಕೆಯ ಮುಂದೆ ನಿಲ್ಲಿಸಿದರು.

"ಇನ್ನೊಮ್ಮಿ ಹೊಡಿ ಬೇಟಿ," ಎಂದರು.