ತಿಪ್ಪೆ ಅರಗಿಸದ ಮಾಲು

ಇವತ್ತು ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆ. ಕಲಬುರಗಿ ರಸ್ತೆಯ ಕಡೆಯಿಂದ ಹೊಗೆ ಬಂತು. ನಮ್ಮ ಕಮಲಾಪುರದ ಅಂಚಿಗೆ, ರಸ್ತೆ ಬದಿಯ ತಗ್ಗಿನಲ್ಲಿ ಯಾರೋ ಕಸಕ್ಕೆ ಬೆಂಕಿ ಇಟ್ಟಿದ್ದರು. ನಿಮಗಾದರೆ ಅದು ಬರೀ ಕೆಟ್ಟ ವಾಸನೆ, ಮೂಗು ಮುಚ್ಚಿಕೊಂಡು ಒಳಗೆ ಹೋಗುತ್ತೀರಿ. ನಾನು ಕುಳಿತಲ್ಲೇ ಅದನ್ನು ಬಿಡಿಸಿ ಹೇಳಬಲ್ಲೆ. ಗಂಟಲು ಹಿಡಿಯುವ ಕಮಟು ಥರ್ಮಾಕೋಲ್ ತಾಟಿನದು. ಹಳೆಯ ಪುಸ್ತಕಕ್ಕೆ ಮೇಣ ಸುರಿದು ಸುಟ್ಟಂಥದ್ದು ಚಹಾದ ಪೇಪರ್ ಕಪ್ಪಿನದು. ನಾಲಿಗೆಯ ಮೇಲೆ ಸಿಹಿಯಾಗಿ ಕೂತು ಆಮೇಲೆ ತಲೆನೋವು ತರುವುದು ಬಿಳಿ ಚಮಚದ್ದು. ಅತ್ತರು ಮೂಸಿ ಹೆಸರು ಹೇಳುವ ಜಾಣರು ಇರುತ್ತಾರಂತೆ. ನನ್ನ ಜಾಣತನ ಇಷ್ಟು. ಮೂವತ್ತು ವರ್ಷ ಇವನ್ನೇ ಮಾರಿ ಹೊಟ್ಟೆ ಹೊರೆದವನು ನಾನು.

ನೆಹರು ಗಂಜಿನಲ್ಲಿ ತೊಗರಿ, ಕಡಲೆಯ ದೊಡ್ಡ ದೊಡ್ಡ ಅಡತಿ ಅಂಗಡಿಗಳ ಹಿಂದೆ ಒಂದು ಸಣ್ಣ ಗಲ್ಲಿ. ಅಲ್ಲಿ ನನ್ನ ದುಕಾನ. ಮೆಟ್ರಿಕ್ ಪಾಸಾಗಿದ್ದೆ. ಕಮಲಾಪುರದಿಂದ ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ, ಬಸ್ಸಿನಲ್ಲಿ ಪೇಪರ್ ಓದಿ ಪಕ್ಕದವರಿಗೆ ಲೋಕದ ಸುದ್ದಿ ವಿವರಿಸುತ್ತಿದ್ದೆ. ಬುದ್ಧಿವಂತ ಎಂದು ಹೆಸರಿತ್ತು. ಆ ಹೆಸರೇ ಮುಂದೆ ಊರಿಗೆ ದುಬಾರಿಯಾಯಿತು. ಮೊದಮೊದಲು ಊಟಕ್ಕೆ ಹಾಕುವ ಮುತ್ತುಗದ ಎಲೆಯ ಪತ್ರೋಳಿ ಮಾರುತ್ತಿದ್ದೆ. ಚಿಂಚೋಳಿ ಕಡೆಯ ಹೆಣ್ಣುಮಕ್ಕಳು ಹಚ್ಚಿದ ಪತ್ರೋಳಿಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ದುಕಾನಕ್ಕೆ ಕಾಡಿನ ವಾಸನೆ ಇರುತ್ತಿತ್ತು. ಆಮೇಲೆ ಹೈದರಾಬಾದಿನಿಂದ ಥರ್ಮಾಕೋಲು, ಪ್ಲಾಸ್ಟಿಕ್ಕಿನ ಬಿಳಿ ಮಾಲು ಬಂತು. ಹಗುರ, ಹರಿಯುವುದಿಲ್ಲ, ಸೋರುವುದಿಲ್ಲ, ಹುಳ ಹಿಡಿಯುವುದಿಲ್ಲ. ಪತ್ರೋಳಿಯವರಿಗೆ ಇನ್ನು ತರಬೇಡಿ ಎಂದು ಹೇಳಿಬಿಟ್ಟೆ. ಅವರು ಕಟ್ಟು ಎತ್ತಿಕೊಂಡು ಹೋದರು. ಹಿಂತಿರುಗಿ ಕೂಡ ನೋಡಲಿಲ್ಲ. ನೋಡಿದ್ದರೆ ಏನಾದರೂ ಅನ್ನಿಸುತ್ತಿತ್ತೋ ಏನೋ. ಇಲ್ಲ, ಅನ್ನಿಸುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಸುಳ್ಳು ಏಕೆ?

ಆದರೆ ನಾನು ಒಪ್ಪಿಕೊಳ್ಳಬೇಕಾದ ತಪ್ಪು ಗಂಜಿನಲ್ಲಿ ನಡೆದದ್ದಲ್ಲ. ನಮ್ಮ ಓಣಿಯಲ್ಲೇ ನಡೆದದ್ದು.

ನಮ್ಮ ಓಣಿಯ ಬಸವಣ್ಣನ ಗುಡಿಯ ಹಿಂದೆ ಒಂದು ಕೋಣೆ ಇದೆ. ಅದರಲ್ಲಿ ಓಣಿಗೆಲ್ಲ ಸೇರಿದ ಸ್ಟೀಲಿನ ತಾಟುಗಳು ಇರುತ್ತಿದ್ದವು. ಯಾರದೇ ಮನೆಯಲ್ಲಿ ಹಿರಿಯರು ತೀರಿಕೊಂಡರೆ ವರ್ಷದ ದಿನ ಆ ಮನೆಯವರು ಹತ್ತು ತಾಟು ತಂದು, ಅಂಚಿಗೆ ಸತ್ತವರ ಹೆಸರು ಕೊರೆಸಿ, ಆ ಕೋಣೆಗೆ ಕೊಡುತ್ತಿದ್ದರು. ಹೀಗೆ ಎರಡು ತಲೆಮಾರು ಸೇರಿ ಕೋಣೆ ತುಂಬಿತ್ತು. ಮದುವೆ ಇರಲಿ, ಕೂಸಿನ ತೊಟ್ಟಿಲ ಕಾರ್ಯ ಇರಲಿ, ಓಣಿಯವರು ಉಣ್ಣುತ್ತಿದ್ದುದು ಆ ತಾಟುಗಳಲ್ಲಿ. ಅನ್ನ ಮುಗಿದ ಹಾಗೆ ಅಂಚಿನಲ್ಲಿ ಯಾರದೋ ಹೆಸರು ಕಾಣುತ್ತಿತ್ತು. "ನನಗ ನಿಮ್ಮ ಮುತ್ಯಾ ಬಂದಾನ ನೋಡೋ" ಎಂದು ಪಕ್ಕದವರಿಗೆ ಅವರ ಅಜ್ಜನ ಹೆಸರು ತೋರಿಸಿ ನಗುವುದಿತ್ತು. ನನ್ನ ತಂದೆಯ ಹೆಸರಿನವೂ ಹತ್ತು ಇದ್ದವು. ಕೋಣೆಯ ಕೀಲಿ ಶರಣಮ್ಮನ ಹತ್ತಿರ. ನಮ್ಮ ಮನೆಗೆ ಎದುರು ಮನೆಯವಳು, ನನಗಿಂತ ಎರಡು ಮೂರು ವರ್ಷ ಚಿಕ್ಕವಳು, ನನ್ನನ್ನು ಅಣ್ಣಾ ಎಂದು ಕರೆಯುವವಳು.

ಗುಡಿಯ ಕಟ್ಟೆಯ ಮೇಲೆ ಓಣಿಯ ಸಭೆ ಸೇರಿದಾಗ ನಾನು ಎದ್ದು ನಿಂತು ಮಾತಾಡಿದೆ. "ಈ ಕಾಲದಾಗ ಇಷ್ಟು ತಾಟು ಯಾರು ತಿಕ್ಕತಾರ್ರೀ? ನಮ್ಮ ತಾಯಂದ್ರು, ಅಕ್ಕಂದ್ರು ಉಣ್ಣೋದು ಬಿಟ್ಟು ಬಚ್ಚಲದಾಗ ಕೂಡ್ಬೇಕೇನು? ಉಂಡು ತಿಪ್ಪಿಗಿ ಒಗದ್ರ ಮುಗೀತು. ತಿಪ್ಪಿ ಏನ್ ಬ್ಯಾಡಂತದ?"

ಹೆಣ್ಣುಮಕ್ಕಳು ಹೂಂಗುಟ್ಟಿದರು. ಅವರದೇನೂ ತಪ್ಪಿಲ್ಲ. ನಾನು ಹೇಳಿದ್ದರಲ್ಲಿ ಅರ್ಧ ಖರೆಯೇ ಇತ್ತು. ಮುನ್ನೂರು ಮಂದಿ ಉಂಡ ತಾಟುಗಳನ್ನು ಐದು ಹೆಂಗಸರು ಸೊಂಟ ಬಗ್ಗಿಸಿ ತಿಕ್ಕುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಒಂದು ದಿನವೂ ಒಂದು ತಾಟು ತೊಳೆದುಕೊಟ್ಟಿರಲಿಲ್ಲ. ಆ ಕಷ್ಟವನ್ನೇ ನನ್ನ ಮಾಲು ಮಾರಲು ಬಳಸಿಕೊಂಡೆ.

ಹಳೆಯ ತಾಟು ಗುಜರಿಗೆ ಹಾಕಿ ಗುಡಿಗೆ ಟೈಲ್ಸ್ ಹಾಕಿಸುವುದು ಎಂದು ಠರಾವಾಯಿತು. ಟೆಂಪೋ ತಂದವನೂ ನಾನೇ. ತುಂಬಿ ಆಗಿತ್ತು, ಎಂಜಿನ್ ಶುರುವಾಗಿತ್ತು. ಶರಣಮ್ಮ ಓಡಿ ಬಂದು ಟೆಂಪೋದ ಹಿಂದಿನ ಹಲಗೆ ಹಿಡಿದಳು.

"ಅಣ್ಣಾ, ನಮ್ಮವ್ವನ ಹೆಸರಿನ್ವು ಹತ್ತು ಅದಾವ. ಅಷ್ಟು ತಗದು ಕೊಡು. ಮನ್ಯಾಗ ಇಟ್ಕೋತೀನಿ."

"ಈಗ ಹುಡುಕ್ಕೋತ ಕುಂತ್ರ ಗುಜರಿಯವ ದುಕಾನ ಮುಚ್ತಾನವ್ವ. ಅವ್ವನ ಹೆಸರು ತಾಟಿನ್ಯಾಗ ಅದೇನು? ಎದಿಯಾಗ ಇರ್ಬೇಕು."

ಎಷ್ಟು ಚೆಂದದ ಮಾತು ನೋಡಿ! ಅವಳ ಬೆರಳು ಹಲಗೆಯಿಂದ ಬಿಡಿಸಿದ್ದು ಆ ಮಾತು. ದಾರಿಯುದ್ದಕ್ಕೂ ತಾಟುಗಳು ಗಲಗಲ ಎನ್ನುತ್ತಿದ್ದವು. ನಾನು ಡ್ರೈವರನ ಪಕ್ಕದಲ್ಲಿ ಕುಳಿತು ಹಾಡು ಹಚ್ಚಲು ಹೇಳಿದೆ.

ಇನ್ನು ತಿಪ್ಪೆಯ ಮಾತು. ನಮ್ಮಲ್ಲಿ ಮನೆಗೊಂದು ತಿಪ್ಪೆ ಇರುತ್ತಿತ್ತು. ಸಗಣಿ, ಬೂದಿ, ಕಾಯಿಪಲ್ಲೆಯ ಸಿಪ್ಪೆ, ಉಂಡ ಪತ್ರೋಳಿ, ಹರಿದ ಕೌದಿ, ಸವೆದ ಕಸಬರಿಗೆ, ಎಲ್ಲ ಅದಕ್ಕೇ. ಬೇಸಿಗೆ ಕಳೆಯುವ ಹೊತ್ತಿಗೆ ಬಂಡಿಗೆ ಹೇರಿ ಹೊಲಕ್ಕೆ ಚೆಲ್ಲುವುದು. ಹುಟ್ಟಿದಾಗಿನಿಂದ ತಿಪ್ಪೆ ಎಲ್ಲವನ್ನೂ ತಿಂದು ಅರಗಿಸುವುದನ್ನು ನೋಡಿದ ಜನ ನಾವು. ಹಾಗಾಗಿ ಬಿಳಿ ತಾಟು, ಚಹಾದ ಪೇಪರ್ ಕಪ್ಪು, ಚಮಚಗಳನ್ನೂ ಭಕ್ತಿಯಿಂದ ಅದಕ್ಕೇ ಹಾಕಿದೆವು. ಪೇಟೆಯವರು ಕಸವನ್ನು ಕಸ ಎಂದು ಎಸೆಯುತ್ತಾರೆ. ನಾವು ಗೊಬ್ಬರವಾಗಲಿ ಎಂದು ಎಸೆದೆವು. ಎಸೆದದ್ದನ್ನು ನಾವೇ ಬಂಡಿ ಹೂಡಿಕೊಂಡು ಹೋಗಿ ನಮ್ಮ ನಮ್ಮ ಹೊಲಕ್ಕೆ ಹಂಚಿ ಬಂದೆವು.

ನನಗೆ ಎರಡು ಎಕರೆ ಕೆಂಪು ಬಾಳೆಯ ತೋಟವಿದೆ. ದುಕಾನವನ್ನು ಮಗ ಸಿದ್ದುವಿಗೆ ಬಿಟ್ಟುಕೊಟ್ಟು ತೋಟ ಹಿಡಿದೆ. ಬಾಳೆಯ ಕಂದು ನೆಡಲು ಒಂದು ದಿನ ಗುಣಿ ತೋಡುತ್ತಿದ್ದೆ. ಮೊಣಕಾಲುದ್ದ ಇಳಿದ ಮೇಲೆ ಸನಿಕೆಗೆ ಏನೋ ಕಟ್ ಎಂದಿತು. ತೆಗೆದರೆ ಬಿಳಿ ಚಮಚ. ಮಣ್ಣು ಒರೆಸಿದೆ. ದುಕಾನದಲ್ಲಿ ಡಬ್ಬಿ ಬಿಚ್ಚಿದ ದಿನ ಹೇಗಿತ್ತೋ ಹಾಗೇ ಇತ್ತು. ಇನ್ನಷ್ಟು ತೋಡಿದೆ. ಇನ್ನೆರಡು ಚಮಚ, ಚಹಾ ಕಪ್ಪಿನ ತಳ, ಬೆಳ್ಳಿ ಹಾಳೆಯ ಚೂರು. ಸತ್ತ ಬಾಳೆಗಿಡದ ಬೇರು ಒಂದು ಪ್ಲಾಸ್ಟಿಕ್ ಚೀಲದೊಳಗೆ ಹೊಕ್ಕು, ಹೊರದಾರಿ ಸಿಗದೆ ಅಲ್ಲೇ ಸುತ್ತಿಕೊಂಡು ಒಣಗಿತ್ತು. ನಾನು ಗುಣಿಯ ಅಂಚಿಗೆ ಕುಳಿತುಬಿಟ್ಟೆ. ದೇವರ ಭಯ ನನಗೆ ಅಷ್ಟಕ್ಕಷ್ಟೆ. ಆವತ್ತು ಮಣ್ಣಿನ ಭಯವಾಯಿತು.

ಅಷ್ಟರಲ್ಲಿ ಶರಣಮ್ಮ ಓಣಿಯ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಕೆಲಸ ಶುರು ಮಾಡಿದ್ದಳು. ಮನೆಯಲ್ಲೇ ಹಸಿ ಕಸ ಬೇರೆ, ಒಣ ಕಸ ಬೇರೆ. ಹಸಿಯದು ಗುಂಡಿಗೆ. ಒಣ ಕಸವನ್ನು ಗುಡಿಯ ಹಿಂದಿನ ಅದೇ ಕೋಣೆಯಲ್ಲಿ ಚೀಲ ಕಟ್ಟಿ ಪಂಚಾಯತಿ ಗಾಡಿಗೆ ಕೊಡುವುದು. ಗಾಡಿ ಬಾರದಿದ್ದರೆ ಪಂಚಾಯತಿಯ ಬಾಗಿಲಿಗೇ ಹೊತ್ತೊಯ್ಯುವುದು. ಆಮೇಲೆ ಹೊಸ ತಾಟುಗಳನ್ನೂ ತಂದರು. ಕಟ್ಟಳೆ ಮಾತ್ರ ಹಳೆಯದಲ್ಲ. ಯಾರ ಮನೆಯ ಕಾರ್ಯವೋ ಆ ಮನೆಯ ಗಂಡಸರು ತಾಟು ತಿಕ್ಕಬೇಕು. ಒಪ್ಪಿದರೆ ತಾಟು, ಇಲ್ಲದಿದ್ದರೆ ಇಲ್ಲ. ನಾನು ಅಂದು ಸಭೆಯಲ್ಲಿ ಆಡಿದ ಅರ್ಧ ಸತ್ಯವನ್ನು ಅವಳು ಪೂರ್ತಿ ಮಾಡಿದ್ದಳು.

ನಾನೂ ಕಸ ಬೇರ್ಪಡಿಸಲು ಹೋಗತೊಡಗಿದೆ. "ಬಂದ್ರು ನೋಡ್ರೆವ್ವಾ ಪಲೇಟಿನ ಸಾಹುಕಾರ್ರು, ತಮ್ಮ ಮಾಲು ಎಣಿಸ್ಲಾಕ" ಎಂದು ಹೆಂಗಸರು ನಕ್ಕರು. ನಗಲಿ ಎಂದು ಕೂತೆ. ಶರಣಮ್ಮ ನಗಲಿಲ್ಲ, ನನ್ನ ಮುಂದೆ ಒಂದು ಚೀಲ ಸರಿಸಿ ಹೋದಳು.

ಹೋದ ತಿಂಗಳು ಮೊಮ್ಮಗಳು, ಸಿದ್ದುವಿನ ಹಿರಿಮಗಳು ಗೌರಿಯ ಕುಬಸ ಬಂತು. ಬೀಗರು ಕಲಬುರಗಿ ಬ್ರಹ್ಮಪುರದವರು, ಮರ್ಯಾದೆಯ ಮಂದಿ. ಚೊಚ್ಚಲ ಬಸುರಿಗೆ ತವರಿನಲ್ಲಿ ಕುಬಸ ಮಾಡುವಾಗ ಬೀಗರ ಉಪಚಾರದಲ್ಲಿ ಒಂದಿಷ್ಟು ಕಡಿಮೆಯಾದರೂ ಹೆರಿಗೆಯಾಗುವ ತನಕ ಮಾತು ಕೇಳಬೇಕಾಗುತ್ತದೆ. ಸಿದ್ದು ಈಗ ಸೇಡಂ ರಸ್ತೆಗೆ ದೊಡ್ಡ ದುಕಾನ ಹಾಕಿದ್ದಾನೆ. ನಾನು ಓಣಿಯ ತಾಟು ತರೋಣ ಎಂದೆ.

"ಅಪ್ಪಾ, ಇಡೀ ಜಿಲ್ಲಾದಾಗ ನಮ್ಮ ಮಾಲಿನ್ಯಾಗ ಉಣ್ತಾರ. ನಮ್ಮ ಮನಿ ಕಾರ್ಯಕ್ಕ ನಾವೇ ಬ್ಯಾಡಂದ್ರ ಗಿರಾಕಿ ಏನಂದಾರು?"

"ಬುದ್ಧಿ ಬಂತು ಅಂದಾರು."

"ನಿಮಗ ಬಂದದ, ಸಾಕು. ನೀವು ಸಾಕಷ್ಟು ಮಾರಿ, ನಮ್ಮನ್ನ ಸಾಕಿ, ಈಗ ಶರಣ ಆಗ್ಲಾಕತ್ತೀರಿ. ನನ್ನ ಮಕ್ಕಳ ಸಾಲಿ ಹ್ಯಾಂಗ ನಡೀಬೇಕು?"

ಅವನು ಹೇಳಿದ್ದೂ ಖರೆಯೇ. ನನಗೆ ಮಾತ್ರ ಹಟ ಇತ್ತು. "ನಿನ್ನ ಡಬ್ಬಿ ಬಿಚ್ಚಿದ್ರ ನಾ ಪಂಕ್ತಿಗಿ ಕೂಡಂಗಿಲ್ಲ. ಮುತ್ಯಾ ಎಲ್ಲಿ ಅಂತ ಬೀಗರು ಕೇಳಿದ್ರ, ಯಾಕ ಉಣ್ಣಲಿಲ್ಲ ಅಂತ ನಾನೇ ಹೇಳ್ತೀನಿ" ಎಂದೆ. ಮಗನನ್ನು ಹೆದರಿಸುವುದು ದೊಡ್ಡತನವಲ್ಲ. ಆದರೂ ಹೆದರಿಸಿದೆ.

ಗೌರಿ ಒಳಗಿನಿಂದ ಕೂಗಿದಳು: "ಕುಬಸ ನಂದಾ, ನಿಮ್ದಾ? ಮುತ್ಯಾ ತಿಕ್ಕತೀನಂದ್ರ ನಾ ತಾಟಿನ್ಯಾಗ ಉಣ್ತೀನಿ."

ಇನ್ನು ಕೇಳಬೇಕಾದದ್ದು ಶರಣಮ್ಮನನ್ನು. ಎದುರು ಮನೆಯಾದರೂ ಆ ಅಂಗಳ ದಾಟಲು ನನಗೆ ಎರಡು ದಿನ ಹಿಡಿಯಿತು. ಅವಳು ತೊಗರಿ ಕೇರುತ್ತಿದ್ದಳು. ನಿಂತೇ ಹೇಳಿದೆ: "ಶರಣವ್ವ, ಅವತ್ತ ಟೆಂಪೋ ನಿಂದ್ರಿಸಬೇಕಾಗಿತ್ತು. ನಿಮ್ಮವ್ವನ ತಾಟು ತಗದು ಕೊಡಬೇಕಾಗಿತ್ತು. ನನ್ನದು ತಪ್ಪಾಗ್ಯಾದ."

ಮೊರ ನಿಲ್ಲಲಿಲ್ಲ. "ಇಷ್ಟು ವರ್ಷ ಬಿಟ್ಟು ಇವತ್ತ ಯಾಕ ಹೇಳ್ಲಾಕತ್ತಿ ಅಣ್ಣಾ? ತಾಟು ಬೇಕಂತೇನು?"

"ತಾಟು ಬೇಕಂತನೂ ಹೌದು."

ಆಗ ಮೊರ ನಿಂತಿತು. "ಖರೆ ಹೇಳಿದಿ. ಕ್ಷಮಾ ಮಾಡೋದು ಬ್ಯಾರೆ, ತಾಟು ಕೊಡೋದು ಬ್ಯಾರೆ. ತಾಟು ಕೊಡ್ತೀನಿ."

"ನಮ್ಮಪ್ಪನ ಹೆಸರು ಕೊರಿಸಿ ಹತ್ತು ತಾಟು ನಾನೂ..."

"ಹೆಸರು ಬ್ಯಾಡ. ಅವತ್ತ ಹೆಸರು ಇದ್ವು. ಮಾರೋದು ನಿಂತಿತೇನು?"

ಕುಬಸದ ದಿನ ಹಿತ್ತಲ ಕಲ್ಲಿನ ಮೇಲೆ ಧೋತರ ಎತ್ತಿ ಕಟ್ಟಿ ಕುಳಿತೆ. ಬೂದಿ, ತೆಂಗಿನ ನಾರು, ಮೂರು ಬೋಗಾಣಿ ನೀರು. ಮೊದಲ ಪಂಕ್ತಿ ಎದ್ದಿತು. ಹೋಳಿಗೆಯ ತುಪ್ಪ, ಎಣ್ಣೆಗಾಯಿಯ ಎಣ್ಣೆ, ಎರಡೂ ಸೇರಿದ ತಾಟು ತಿಕ್ಕುವುದು ಎಂಥ ಕೆಲಸ ಎಂದು ಎಪ್ಪತ್ತು ದಾಟಿದ ಮೇಲೆ ತಿಳಿಯಿತು. ತಾಟು ಕೈಯಿಂದ ಮೀನಿನ ಹಾಗೆ ಜಾರುತ್ತಿತ್ತು. ನಲವತ್ತು ತಾಟಿಗೆ ಸೊಂಟ ಹಿಡಿಯಿತು. ಎರಡನೆಯ ಪಂಕ್ತಿ ಕುಳಿತಾಗಿತ್ತು, ತಾಟು ಹೋಗಿರಲಿಲ್ಲ. ಬೀಗರು ಕೈ ತೊಳೆದುಕೊಂಡು ಖಾಲಿ ನೆಲ ನೋಡುತ್ತ ಕುಳಿತಿದ್ದರು. ಸಿದ್ದು ಕಾರಿನಿಂದ ಡಬ್ಬಿ ಹೊತ್ತು ತಂದೇಬಿಟ್ಟ.

"ಅಪ್ಪಾ, ಮಾನ ತಗೀಬ್ಯಾಡ್ರಿ. ಬೀಗರು ಹಸಗೊಂಡು ಕುಂತಾರ."

"ಕೂಡ್ಲಿ. ನಾ ತಿಕ್ಕೋತನಕ ಕೂಡ್ಲಿ. ಡಬ್ಬಿ ಬಿಚ್ಚಿದ್ರ ಈ ಬೋಗಾಣಿ ನೀರು ಅದರ ಮ್ಯಾಲ ಸುರೀತೀನಿ."

ಗದ್ದಲ ಕೇಳಿ ಗೌರಿಯ ಮಾವನೇ ಹಿತ್ತಲಿಗೆ ಬಂದರು. ರೇಷ್ಮೆ ಶಲ್ಯದ ದೊಡ್ಡ ಮನುಷ್ಯ. "ಏನ್ರೀ ಬೀಗರೇ, ಇಷ್ಟು ದೊಡ್ಡ ಮನಿಗಿ ಆಳು ಸಿಗಲಿಲ್ಲೇನು?"

"ಸಿಕ್ಕಾನ್ರೀ. ಸ್ವಲ್ಪ ಮುದುಕ ಆಗ್ಯಾನ, ಕೈ ಸಾವಕಾಶ ಅದಾವ."

ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. ನಾನು ಕಾರಣ ಹೇಳಿದೆ. ಟೆಂಪೋ, ಚಮಚ, ಎಲ್ಲ. ಅವರಿಗೆ ಅದರಲ್ಲಿ ಎಷ್ಟು ಹೊಕ್ಕಿತೋ ತಿಳಿಯದು, ಹಸಿವೆ ಮಾತ್ರ ಜೋರಾಗಿತ್ತು. ಶಲ್ಯ ತೆಗೆದು ಗೂಟಕ್ಕೆ ಹಾಕಿದರು. "ಮಾತು ಆಮ್ಯಾಲ ಹೇಳ್ರಿ. ಸರೀರಿ ಅತ್ತಾಗ, ಹೊಟ್ಟಿ ಚುರಚುರ ಅನ್ಲಾಕತ್ತದ. ನೀವು ತಿಕ್ಕರಿ, ನಾ ತೊಳೀತೀನಿ." ಅವರು ಕುಳಿತದ್ದು ನೋಡಿ ಅವರ ಇಬ್ಬರು ತಮ್ಮಂದಿರು ನಿಂತಿರಲಾಗದೆ ಬಂದರು. ಪಂಕ್ತಿ ನಡೆಯಿತು. ಸಿದ್ದು ಡಬ್ಬಿಯನ್ನು ಕಾರಿಗೆ ಒಯ್ದಿಟ್ಟ. ಆಮೇಲೆ ಎಂಟು ದಿನ ನನ್ನೊಂದಿಗೆ ಮಾತಾಡಲಿಲ್ಲ. ದುಕಾನ ಮುಚ್ಚಿಲ್ಲ, ಮುಚ್ಚುವುದೂ ಇಲ್ಲ. ಮಗ ಬದಲಾದ ಎಂದು ಬರೆದರೆ ನಿಮಗೆ ಹಿತವಾಗುತ್ತಿತ್ತು. ಆಗಿಲ್ಲ.

ಕುಬಸದ ಮರುದಿನ ತಾಟು ಮರಳಿಸಲು ಹೋದೆ. ಶರಣಮ್ಮ ಒಂದೊಂದರ ಮೇಲೂ ಬೆರಳು ಆಡಿಸಿ ನೋಡಿದಳು. ನಾಲ್ಕನ್ನು ತೆಗೆದು ಪಕ್ಕಕ್ಕಿಟ್ಟಳು. "ಜಿಡ್ಡು ಅದ. ಮತ್ತ ತಿಕ್ಕು." ಅಲ್ಲೇ ಕುಳಿತು ತಿಕ್ಕಿದೆ. ಅಷ್ಟು ಹಗುರವಾಗಿ ನಾನು ಯಾವ ಗುಡಿಯಿಂದಲೂ ಹೊರಗೆ ಬಂದಿಲ್ಲ.

ಈಗ ಹೊಗೆ ಇನ್ನೂ ಏಳುತ್ತಿದೆ. ನಾನು ಮಾರಿದ ಮಾಲು ನನಗಿಂತ ಹೆಚ್ಚು ಕಾಲ ಬಾಳುತ್ತದೆ, ನನ್ನ ಮರಿಮಗುವಿನ ಮಕ್ಕಳಿಗೂ ಸಿಗುತ್ತದೆ. ಗೊತ್ತಿದೆ. ಒಬ್ಬ ಮುದುಕ ನಾಲ್ಕು ತಾಟು ತಿಕ್ಕಿದರೆ ಏನಾಗುತ್ತದೆ ಎಂದು ಬಸ್ಸಿನಲ್ಲಿ ನಗುತ್ತಾರೆ. ಇದೇ ಒಬ್ಬ ಮನುಷ್ಯ ಊರನ್ನೆಲ್ಲ ಕೆಡಿಸುತ್ತಿದ್ದಾಗ ಯಾರೂ ನಗಲಿಲ್ಲವಲ್ಲ!

ಚಹಾದ ಲೋಟ ಇಡುವಷ್ಟರಲ್ಲಿ ಶರಣಮ್ಮ ಬಂದು ಬಾಗಿಲಲ್ಲಿ ನಿಂತಳು. ಮೂಲೆಯ ಮನೆಯಲ್ಲಿ ಇವತ್ತು ತೊಟ್ಟಿಲು. ಸಿದ್ದುವಿನ ದುಕಾನದಿಂದ ಮಾಲು ತರಿಸಿದ್ದಾರಂತೆ. "ಒಂದು ಸಲ ಹೋಗಿ ಕೇಳೋಣೇನು? ತಾಟು ಒಯ್ದು ಮುಂದ ಇಟ್ಟು ಕೇಳೋಣು."

"ಬ್ಯಾಡ ಅಂದ್ರ?"

"ನಿನಗ ಬ್ಯಾಡ ಅನಿಸ್ಕೊಳ್ಳೋದು ರೂಢಿ ಆಗ್ಬೇಕು ಅಣ್ಣಾ. ಅದಕ್ಕೇ ಕರೀಲಾಕ ಬಂದೀನಿ."

ಕೈಗಾಡಿಗೆ ತಾಟು ಹೇರಿದ್ದೇವೆ. ನನ್ನ ಪ್ರಾಯಶ್ಚಿತ್ತ ಮುಗಿಯಿತೆಂದು ಯಾರೂ ಹೇಳಿಲ್ಲ. ಹೇಳಿದರೂ ನಾನು ಕೇಳುವವನಲ್ಲ. ಇಷ್ಟು ಬರೆದು ಏಳುತ್ತಿದ್ದೇನೆ. ಅವಳು ಆಗಲೇ ಮುಂದೆ ಹೋಗಿದ್ದಾಳೆ, ಗಾಡಿ ನಾನು ತಳ್ಳಬೇಕು.