ಖಲೀಫಾ ಸಿಟಿಯಲ್ಲಿದ್ದ ನನ್ನ ಅಮೆರಿಕ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದರಲ್ಲಿ ನನ್ನ ಉಮ್ಮನನ್ನು ಮೀರಿಸುವವರಿಲ್ಲ. ಅಮೆರಿಕದಲ್ಲಿ ನಾಲ್ಕು ವರ್ಷದ ಡಿಗ್ರಿ, ಎಂಎಸ್‌ನ ಮೊದಲ ವರ್ಷ ಮುಗಿಸಿ ಬೇಸಿಗೆ ರಜೆಗೆ ಅಬುಧಾಬಿಗೆ ಬಂದಿದ್ದೆ. ಅಮೆರಿಕದ ವೀಸಾದ ಐದು ವರ್ಷ ಮುಗಿದಿತ್ತು, ಹೊಸದು ಹಾಕಿಸಬೇಕಿತ್ತು. ಸಂದರ್ಶನ ಮಾಡಿದವರು ಪಾಸ್‌ಪೋರ್ಟ್ ಇಟ್ಟುಕೊಂಡು, ಇನ್ನಷ್ಟು ಪರಿಶೀಲನೆ ಇದೆ, ಕಾಯಿರಿ ಅಂದರು. ಎಷ್ಟು ದಿನ ಅಂತ ಹೇಳಲಿಲ್ಲ.

ಉಮ್ಮ ಕಾಯಲಿಲ್ಲ. ಟಿಕೆಟ್ ದಿನಾಂಕ ನೋಡಿ ಊರವರನ್ನೆಲ್ಲ ಕರೆದಳು. ಬಿರಿಯಾನಿ ಆಯಿತು, ದುವಾ ಆಯಿತು. ಹೊರಡುವ ದಿನವೂ ಬಂತು, ಪಾಸ್‌ಪೋರ್ಟ್ ಮಾತ್ರ ಬರಲಿಲ್ಲ. ನಮ್ಮದು ಖಲೀಫಾ ಸಿಟಿ ಬಡಾವಣೆಯಲ್ಲಿ ನಾಲ್ಕು ಭಾಗ ಮಾಡಿ ಬಾಡಿಗೆಗೆ ಕೊಟ್ಟ ವಿಲ್ಲಾ. ನಾಲ್ಕೂ ಮನೆಯವರು ಮಂಗಳೂರು ಕಡೆಯವರೇ, ಎಲ್ಲರಿಗೂ ಒಂದೇ ಗೇಟು. ಅವರೆಲ್ಲ ಗೇಟಿಗೆ ಬಂದು ನಿಂತಾಗ ನಿಜ ಹೇಳಲು ಉಮ್ಮನಿಗೆ ಬಾಯಿ ಬರಲಿಲ್ಲ. ಹಿಂದೆ ಒಬ್ಬರ ಮಗನ ವೀಸಾ ತಡವಾದಾಗ 'ಏನೋ ಕೇಸ್ ಉಂಟಂತೆ' ಎಂದು ಮಾತಾಡಿಕೊಂಡವರಲ್ಲಿ ಉಮ್ಮನೂ ಇದ್ದಳು. ಸಂಜೆಯೊಳಗೆ ಬಂದರೂ ಬರಬಹುದು ಎಂದು ಬಾಪ ಸೂಟ್‌ಕೇಸ್ ಕಾರಿಗೇರಿಸಿದರು. ಉಮ್ಮ ನನ್ನನ್ನು ತಬ್ಬಿ ಗೊಳೋ ಎಂದು ಅತ್ತಳು. ನಾನೂ ಬಾಪನೂ ಸಮುದ್ರದ ದಂಡೆಯಲ್ಲಿ ಶವರ್ಮಾ ತಿಂದು, ಗಂಡಸರೆಲ್ಲ ರಾತ್ರಿಯ ಇಶಾ ನಮಾಝಿಗೆ ಹೋದ ಹೊತ್ತು ನೋಡಿ ಕಳ್ಳರ ಹಾಗೆ ಮನೆ ಸೇರಿದೆವು.

ಮರುದಿನ ಎದುರು ಮನೆಯ ಆಂಟಿ ಬಾಗಿಲಿಗೆ ಬಂದು ಕೇಳಿದ್ದಕ್ಕೆ ಉಮ್ಮ, "ತಲುಪಿದ್ಳು, ಅಲ್‌ಹಮ್ದುಲಿಲ್ಲಾ" ಅಂದುಬಿಟ್ಟಳು. ನಾನು ಒಳಗಿನ ಕೋಣೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದೆ.

ಅಲ್ಲಿಂದ ಶುರುವಾಯಿತು ನನ್ನ ಅಮೆರಿಕ ವಾಸ. ಕಿಟಕಿಗೆ ದಪ್ಪ ಪರದೆ. ಯಾರಾದರೂ ಬಂದರೆ ನಲ್ಲಿ ಬಿಡುವಂತಿಲ್ಲ, ಕೆಮ್ಮುವಂತಿಲ್ಲ. ಊರಿನಿಂದ ಚಿಕ್ಕಮ್ಮ ವಿಡಿಯೋ ಕಾಲ್ ಮಾಡಿದರೆ ಬಿಳಿ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಅಲ್ಲಿ ಚಳಿಯಾ ಎಂದು ಕೇಳಿದರೆಂದು ಒಮ್ಮೆ ಆಗಸ್ಟ್ ತಿಂಗಳಲ್ಲಿ ಸ್ವೆಟರ್ ಹಾಕಿದೆ. ಅಲ್ಲಿಯೂ ಆಗಸ್ಟ್ ಬೇಸಿಗೆಯೇ ಎಂದು ಆಮೇಲೆ ನೆನಪಾಯಿತು. ಐದು ವರ್ಷ ಓದಿದ ಬುದ್ಧಿ!

ನಿಜವಾದ ಊರು ನನ್ನ ಫೋನಿನಲ್ಲಿತ್ತು. ರೂಮ್‌ಮೇಟ್‌ಗಳು ಫೋಟೋ ಕಳಿಸುತ್ತಿದ್ದರು. ಹೊಸ ಹುಡುಗರು ಬಂದಿಳಿಯುವ ವಾರ ಅದು. ಮನೆ ಬದಲಿಸಿದವರು ಬಿಟ್ಟುಹೋದ ಸೋಫಾಗಳು ಫುಟ್‌ಪಾತಿನ ಮೇಲೆ, ಅವುಗಳ ಮೇಲೆ ಕೂತು ಪಿಜ್ಜಾ ತಿನ್ನುವವರು, ಶನಿವಾರದ ಫುಟ್‌ಬಾಲ್‌ಗೆ ಊರಿಗೆ ಊರೇ ಕೆಂಪು ಅಂಗಿ. ಆ ಗಲಾಟೆಗೆ ಓದಲಾಗುವುದಿಲ್ಲ ಎಂದು ಅಲ್ಲಿದ್ದಾಗ ಬೈದುಕೊಂಡವಳು ನಾನೇ. ಈಗ ಹೊಟ್ಟೆಕಿಚ್ಚಿನಿಂದ ಫೋನ್ ಬೋರಲು ಹಾಕಿ ಮಲಗುತ್ತಿದ್ದೆ. ಸೆಪ್ಟೆಂಬರ್ ಎರಡನೆಯ ಸೋಮವಾರದೊಳಗೆ ಬಾರದಿದ್ದರೆ ಲ್ಯಾಬಿನ ಕೆಲಸ ಬೇರೆಯವರಿಗೆ ಎಂದು ಪ್ರೊಫೆಸರ್ ಬರೆದಿದ್ದರು. ಫೀಸು ನಡೆಯುತ್ತಿದ್ದದ್ದು ಆ ಕೆಲಸದಿಂದಲೇ. ಅದು ಹೋದರೆ ಓದು ಖಲಾಸ್.

ಒಂದು ಮಧ್ಯಾಹ್ನ ಎದುರು ಮನೆಯ ಆಂಟಿ ಬಂದು ಮೂರು ಗಂಟೆ ಕೂತರು. ಉಮ್ಮ ಅವರಿಗೆ ನನ್ನ ಊರನ್ನು ವರ್ಣಿಸುತ್ತಿದ್ದಳು. ಕಾರ್ಡ್ ತೋರಿಸಿದರೆ ಬಸ್ಸು ಫ್ರೀಯಂತೆ, ಕೆರೆಯ ಬದಿ ಹುಲ್ಲಿನಲ್ಲಿ ಕೂತೇ ಓದುತ್ತಾರಂತೆ, ಅಳಿಲು ಕೈಯಿಂದಲೇ ಬಿಸ್ಕೆಟ್ ಕಸಿಯುತ್ತದಂತೆ. ಯಾವಾಗಲೋ ನಾನು ಹೇಳಿ ಮರೆತದ್ದನ್ನೆಲ್ಲ ಅವಳು ಒಂದೂ ಬಿಡದೆ ಇಟ್ಟುಕೊಂಡಿದ್ದಳು. ನಾನು ಬಾತ್‌ರೂಮಿಗೂ ಹೋಗಲಾಗದೆ ಮಂಚದ ತುದಿಯಲ್ಲಿ ಹಲ್ಲು ಕಚ್ಚಿ ಕೂತಿದ್ದೆ. ಆಂಟಿ ಹೋದ ಮೇಲೆ ಕೂಗಾಡಿದೆ.

"ನಿನ್ನ ಮರ್ಯಾದೆಗೆ ನಾನು ಜೈಲಿನಲ್ಲಿರಬೇಕಾ ಉಮ್ಮ?"

"ಎಂತ ಮಾಡುದು ಮಗಳೇ, ಬಾಯಿಂದ ಬಂದಾಯ್ತು" ಎಂದು ಉಮ್ಮ ಚಹಾದ ಲೋಟ ಎತ್ತಿಕೊಂಡು ಹೋದಳು. ಎರಡು ದಿನ ನಾನು ಅವಳೊಂದಿಗೆ ಮಾತಾಡಲಿಲ್ಲ. ಇಡೀ ಮನೆಯಲ್ಲಿ ನನಗೆ ಮಾತಾಡಲು ಇದ್ದವಳು ಹೆಚ್ಚುಕಡಿಮೆ ಅವಳೊಬ್ಬಳೇ.

ಗಡುವಿಗೆ ನಾಲ್ಕು ದಿನ ಇರುವಾಗ ವೀಸಾ ಬಂತು. ಸಿಕ್ಕ ಟಿಕೆಟ್ ಹಿಡಿದು, ಬಿಸಿಲಿಗೆ ಕಾಗೆಯೂ ಹೊರಗೆ ಬಾರದ ಹೊತ್ತು ನೋಡಿ ಹೊರಟೆವು. ಆಂಟಿಯ ಅಡುಗೆಮನೆ ಕಿಟಕಿ ಗೇಟಿನ ಕಡೆಗೇ ಇತ್ತು. ಉಮ್ಮ ಹೊರಗೆ ಬರುವಂತಿರಲಿಲ್ಲ. ಬಾಗಿಲ ಹಿಂದೆ ನಿಂತು ನನ್ನ ನೆತ್ತಿಯ ಮೇಲೆ ಕೈಯಿಟ್ಟು ಏನೋ ಓದಿ ಊದಿದಳು. "ಯಲ್ಲಾ, ಬೇಗ ಹೋಗು, ಯಾರಾದರೂ ನೋಡ್ತಾರೆ" ಅಂದಳು. ನಾನು ತಲೆ ತಗ್ಗಿಸಿ ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. ತಿರುಗಿ ನೋಡಿದರೆ ಬಾಗಿಲು ಮುಚ್ಚಿತ್ತು.

ವಿಮಾನ ಬದಲಿಸಿ ಮರುದಿನ ಮಧ್ಯಾಹ್ನ ಇಳಿದೆ. ಬಸ್ ಸ್ಟಾಪಿನಲ್ಲಿ ಸೂಟ್‌ಕೇಸ್ ಇಟ್ಟು ನಿಂತಾಗ ರಸ್ತೆ ತುಂಬ ಕೆಂಪು ಅಂಗಿಯವರು, ಯಾರೋ ಡ್ರಮ್ ಬಾರಿಸುತ್ತಿದ್ದರು. ಅಬುಧಾಬಿಯಲ್ಲಿ ಆಗ ರಾತ್ರಿ ಊಟದ ಹೊತ್ತು. ಮನೆಗೆ ಫೋನ್ ಮಾಡಿದೆ. ಹಿಂದೆ ಹೆಂಗಸರ ನಗು ಕೇಳಿಸಿತು, ನೆಂಟರಿದ್ದರು.

"ಉಮ್ಮ, ತಲುಪಿದೆ."

ಉಮ್ಮ ಎಲ್ಲರಿಗೂ ಕೇಳುವಂತೆ, "ಹೌದಾ ಮಗಳೇ, ಕ್ಲಾಸ್ ಮುಗೀತಾ?" ಅಂದಳು.

"ಮುಗೀತು ಉಮ್ಮ."

"ಅವಳು ಹೋಗಿ ತಿಂಗಳಾಯ್ತಲ್ಲ, ನಿಮಗೂ ಈಗ ಅಭ್ಯಾಸ ಆಗಿರ್ಬೇಕು" ಎಂದು ಹಿಂದಿನಿಂದ ಆಂಟಿ ಹೇಳಿದ್ದು ಕೇಳಿಸಿತು.

"ಹೌದು, ಅಭ್ಯಾಸ ಆಗಿದೆ" ಅಂದಳು ಉಮ್ಮ. ಧ್ವನಿ ನಡುವೆ ಒಡೆಯಿತು. ಅಷ್ಟು ಜನರ ಎದುರು ಇವತ್ತು ಅಳಲು ಅವಳ ಬಳಿ ಯಾವ ಕಾರಣವೂ ಇರಲಿಲ್ಲ. ಫೋನ್ ಇಟ್ಟುಬಿಟ್ಟಳು.